ಲೀಟರಿಗೆ ಏಳೂವರೆ

ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲುಗಳು ಬಲಗಡೆ ಹೋಗುತ್ತಾ ಕೆಳಕ್ಕೆ ಇಳಿಯುತ್ತವೆ. ಕೆಲವು ಕಡೆ ಒತ್ತಕ್ಷರ ತಪ್ಪಿರಬಹುದು. ಶಾಲೆ ಬಿಟ್ಟು ಎರಡು ವರ್ಷವಾಯಿತು, ದೊಡ್ಡ ಮಾತುಗಳು ನನಗೆ ಬರುವುದಿಲ್ಲ. ದಯವಿಟ್ಟು ಕ್ಷಮಿಸಿ ಓದಿಕೊಳ್ಳಬೇಕು. ನಮ್ಮ ಬೀದಿಯ ವಾಚನಾಲಯದವರು ತಮ್ಮ ಕೈಬರಹದ ಪತ್ರಿಕೆಗೆ, ನಿನಗೆ ಗೊತ್ತಿರುವ ಯಾರಾದರೊಬ್ಬರ ವಿಷಯ ಬರೆದುಕೊಡು ಎಂದರು. ನಾನು ಮೇಷ್ಟ್ರ ವಿಷಯ ಬರೆದಿದ್ದೇನೆ. ಅವರ ಹೆಂಡತಿ ಮತ್ತು ನಾನು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಒಂದೇ ಮೇಜಿನ ಎರಡು ಕಡೆ ನಿಂತು ಹೊದಿಕೆ ಮಡಚುತ್ತೇವೆ. ಇದರಲ್ಲಿರುವುದರಲ್ಲಿ ಹೆಚ್ಚಿನದು ಮಡಚುತ್ತಾ ಅವರು ಹೇಳಿದ್ದು. ಉಳಿದದ್ದನ್ನು ಮೇಷ್ಟ್ರನ್ನೇ ಕೇಳಿ ತಿಳಿದುಕೊಂಡೆ.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ಇಪ್ಪತ್ತಾರು ವರ್ಷ ಅವರು ಒಂದೇ ಡ್ರೈವಿಂಗ್ ಸ್ಕೂಲಿನಲ್ಲಿದ್ದರು. ಆ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇತ್ತು. ಕಲಿಯುವವರು ಗಾಬರಿಯಾಗಿ ಎಲ್ಲಿಗಾದರೂ ನುಗ್ಗಿಸಿದರೆ ಮೇಷ್ಟ್ರು ತಮ್ಮ ಕಡೆಯ ಬ್ರೇಕು ಒತ್ತಬೇಕು. ಎಂಜಿನ್ ಕೆಮ್ಮಿ ಆರಿಹೋಗುವ ಹಾಗಾದರೆ ತಮ್ಮ ಕಡೆಯ ಕ್ಲಚ್ಚು ಒತ್ತಬೇಕು. ಕಾರು ದಿಢೀರನೆ ನಿಂತು ಹಿಂದಿನವರು ಹಾರ್ನು ಹೊಡೆದರೆ ಕಲಿಯುವವರ ಧೈರ್ಯ ಹೋಗುತ್ತದೆ ಎಂದು ಮೇಷ್ಟ್ರು ಯಾರ ಕಾರನ್ನೂ ಸಿಗ್ನಲ್ಲಿನಲ್ಲಿ ಆರಲು ಬಿಡುತ್ತಿರಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಪೆಡಲನ್ನು ಒಂದಿಷ್ಟೇ ಒತ್ತಿ ಬಿಡುತ್ತಿದ್ದರು. ಕಲಿಯುವವರು ತಾವೇ ಓಡಿಸಿದೆವು ಎಂದು ಬೀಗುತ್ತಾ ಮನೆಗೆ ಹೋಗುತ್ತಿದ್ದರು.

ಮೊದಲನೆಯ ದಿನ ಎಲ್ಲರಿಗೂ ಅವರು ಹೇಳುತ್ತಿದ್ದ ಪಾಠ ಒಂದೇ. ಕ್ಲಚ್ಚು ಎಂದರೆ ಎಂಜಿನ್ನು ಚಕ್ರದ ಕೈ ಹಿಡಿದುಕೊಳ್ಳುವ ಜಾಗ. ಪೆಡಲು ಒತ್ತಿದರೆ ಕೈ ಬಿಡುತ್ತದೆ, ಬಿಟ್ಟರೆ ಹಿಡಿಯುತ್ತದೆ. ಗೇರು ಹಾಕುವಾಗ ಒತ್ತಿ, ಆಮೇಲೆ ಕಾಲು ತೆಗೆದು ಪಕ್ಕಕ್ಕಿಡಿ. ಸುಮ್ಮನೆ ಅದರ ಮೇಲೆ ಕಾಲಿಟ್ಟುಕೊಂಡರೆ ಹಿಡಿದೂ ಹಿಡಿಯದ ಹಾಗೆ ಆಗಿ, ಎಂಜಿನ್ ಸುತ್ತುತ್ತದೆ, ಗಾಡಿ ಹೋಗುವುದಿಲ್ಲ, ಪೆಟ್ರೋಲು ಕುಡಿಯುತ್ತದೆ, ಒಳಗಿನ ಪ್ಲೇಟು ಸುಡುತ್ತದೆ. ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು: "ಅದು ಕ್ಲಚ್ಚು ಕಣ್ರೀ, ಕಾಲು ಚಾಚೋ ಮಣೆಯಲ್ಲ." ಈ ಮಾತನ್ನು ಊರಿನಲ್ಲಿ ಅರ್ಧ ಜನ ಅವರ ದನಿಯಲ್ಲೇ ಹೇಳಿ ತೋರಿಸುತ್ತಾರೆ.

ಸ್ಕೂಲಿನ ಒಡೆಯರು ವಯಸ್ಸಾಯಿತೆಂದು ಬಾಗಿಲು ಹಾಕಿದಾಗ ಮೇಷ್ಟ್ರಿಗೆ ಐವತ್ತೆಂಟು. ಮನೆಯಲ್ಲಿ ಸುಮ್ಮನೆ ಕೂರುವ ಜಾತಿಯವರಲ್ಲ ಅವರು. ನಡೆಯಲು ಕಷ್ಟವಾದವರನ್ನು ಮನೆಯಿಂದ ವ್ಯಾಯಾಮ ಚಿಕಿತ್ಸೆಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ವಾಪಸು ಬಿಡುವ ಕೆಲಸ ಸಿಕ್ಕಿತು. ಅದಕ್ಕೆ ವ್ಯಾನು ಬೇಕಿತ್ತು. ವ್ಯಾನು ಹುಡುಕಿಕೊಟ್ಟವನು ಅವರ ಹೆಂಡತಿಯ ತಮ್ಮ.

ಈ ಭಾಮೈದ ಮೆಕ್ಯಾನಿಕ್. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸಾಕಿದವಳು ಅಕ್ಕನೇ. ಮದುವೆಯಾಗಿ ಬರುವಾಗ ಅವಳ ಜೊತೆಗೆ ಅವನೂ ಮೇಷ್ಟ್ರ ಮನೆಗೆ ಬಂದ. ಅವನಿಗೆ ಕಾರು ಕಲಿಸಿದವರೂ ಮೇಷ್ಟ್ರೇ. ಮಾತು ಕಮ್ಮಿ. ಹತ್ತು ಪ್ರಶ್ನೆ ಕೇಳಿದರೆ ಒಂದಕ್ಕೆ ಉತ್ತರ ಬರುತ್ತದೆ, ಅದೂ ಗಾಡಿಯ ವಿಷಯವಾಗಿದ್ದರೆ. ಪ್ರತಿ ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಅವನ ಊಟ. ಅವನು ಬೇರೆ ಮನೆ ಮಾಡಿದ ಮೇಲೆ ಹದಿನೆಂಟು ವರ್ಷದಿಂದ ಇದು ನಡೆದುಕೊಂಡು ಬಂದದ್ದು.

ವ್ಯಾನಿಗೂ ಸುಮಾರು ಅಷ್ಟೇ ವಯಸ್ಸು. ಬಣ್ಣ ಒಂದು ಕಾಲದಲ್ಲಿ ನೀಲಿ ಇದ್ದಿರಬೇಕು. ಪಕ್ಕದ ಬಾಗಿಲು ಜಾರಿಸುವಾಗ ಸ್ವಲ್ಪ ಎತ್ತಿ ಹಿಡಿಯಬೇಕು, ಇಲ್ಲದಿದ್ದರೆ ಬರುವುದಿಲ್ಲ. ಭಾಮೈದ ಅದರ ಹೊಟ್ಟೆಯೊಳಗೆಲ್ಲ ಇಣುಕಿ, ನೆಲದಲ್ಲಿ ಮಲಗಿ ಕೆಳಗೆ ನೋಡಿ, "ತಗೊಳ್ಳಿ ಬಾವ. ಲೀಟರಿಗೆ ಊರೊಳಗೆ ಹತ್ತು ಕಿಲೋಮೀಟರು ಕೊಡುತ್ತೆ, ಹೊರಗೆ ಹದಿಮೂರು" ಎಂದ. ಅವನ ಮಟ್ಟಿಗೆ ಅದು ಒಂದು ಭಾಷಣ. ಮೇಷ್ಟ್ರು ತೆಗೆದುಕೊಂಡರು.

ಹೊರಗೆ ಹದಿಮೂರು ಕೊಟ್ಟಿತು. ಊರೊಳಗೆ ಮಾತ್ರ ಏಳೂವರೆ.

ಮೇಷ್ಟ್ರು ಮೊದಲು ಲೆಕ್ಕ ತಪ್ಪಿರಬೇಕು ಅಂದುಕೊಂಡರು. ಸ್ಕೂಲು ಮುಚ್ಚಿದಾಗ ಉಳಿದಿದ್ದ ಹಾಜರಿ ಕಾರ್ಡುಗಳ ಒಂದು ಕಟ್ಟನ್ನು ಅವರು ಮನೆಗೆ ತಂದಿದ್ದರು. ಒಬ್ಬರಿಗೆ ಒಂದು ಕಾರ್ಡು, ಅದರಲ್ಲಿ ಹತ್ತು ಪಾಠಕ್ಕೆ ಹತ್ತು ಚೌಕ, ಕೆಳಗೆ ಮೇಷ್ಟ್ರ ಒಂದು ಸಾಲಿನ ಅಭಿಪ್ರಾಯ. ಆ ಕಾರ್ಡುಗಳ ಬೆನ್ನಿನ ಮೇಲೆ ಲೀಟರು, ಕಿಲೋಮೀಟರು ಬರೆದು ಭಾಗಿಸಿದರು. ಏಳು ಪಾಯಿಂಟ್ ನಾಲ್ಕು. ಏಳು ಪಾಯಿಂಟ್ ಆರು. ಏಳು ಪಾಯಿಂಟ್ ಐದು.

ಆಮೇಲೆ ಅವರು ಕೈ ತೊಳೆದುಕೊಂಡು ಆ ಏಳೂವರೆಯ ಬೆನ್ನು ಹತ್ತಿದರು. ಪೆಟ್ರೋಲ್ ಬಂಕಿನಲ್ಲಿ ಅಳತೆ ಕಮ್ಮಿ ಎಂದು ಮೂರು ಬಂಕು ಬದಲಾಯಿಸಿದರು. ಟೈರಿಗೆ ದಿನಾ ಗಾಳಿ ಹಿಡಿಸಿದರು. ಮೇಲಿನ ಲಗೇಜು ಕಟ್ಟುವ ಸರಳುಗಳನ್ನು ಬಿಚ್ಚಿ ಮನೆಯ ಹಿಂದೆ ಇಟ್ಟರು, ಹೆಂಡತಿ ಅದರ ಮೇಲೆ ಬಟ್ಟೆ ಒಣಹಾಕತೊಡಗಿದಳು. ಭಾರ ಇಳಿಸಲೆಂದು ಹೆಚ್ಚುವರಿ ಚಕ್ರವನ್ನೂ ತೆಗೆದಿಟ್ಟರು. ನಾಲ್ಕನೆಯ ದಿನವೇ ಚಕ್ರ ತೂತಾಗಿ, ಊರುಗೋಲು ಹಿಡಿದ ನಾಲ್ಕು ಜನರನ್ನು ರಸ್ತೆಯ ಬದಿಯಲ್ಲಿ ಕೂರಿಸಿಕೊಂಡು ಒಂದೂವರೆ ಗಂಟೆ ಕಾಯಬೇಕಾಯಿತು. ಅಷ್ಟೆಲ್ಲ ಮಾಡಿದ ಮೇಲೆ ಏಳು ಪಾಯಿಂಟ್ ಏಳು ಬಂತು.

ದಿನಾ ಬರುವವರಲ್ಲಿ ಒಬ್ಬರು ಟೆಲಿಫೋನಮ್ಮ. ಮೂವತ್ತು ವರ್ಷ ಟೆಲಿಫೋನ್ ಆಫೀಸಿನಲ್ಲಿ ಇದ್ದವರು, ಈಗ ಸೊಂಟದ ನೋವು. ಡ್ರೈವರ್ ಹಿಂದಿನ ಸೀಟು ಅವರದ್ದೇ, ಅಲ್ಲಿ ಬೇರೆ ಯಾರಾದರೂ ಕೂತರೆ ಏಳಿಸುತ್ತಾರೆ. ಸಿಗ್ನಲ್ಲು ಬಿಟ್ಟು ವ್ಯಾನು ಹೊರಡುವಾಗಲೆಲ್ಲ ಅವರದೊಂದು ಮಾತು ಇರುತ್ತಿತ್ತು.

"ಮೇಷ್ಟ್ರೇ, ನಿಮ್ಮ ವ್ಯಾನಿಗೆ ಕೂಗು ಜಾಸ್ತಿ, ಓಟ ಕಮ್ಮಿ. ನಮ್ಮ ಹಳೇ ಸೂಪರ್‌ವೈಸರೂ ಹೀಗೇ ಇದ್ರು."

ಮೇಷ್ಟ್ರು ನಗುತ್ತಿರಲಿಲ್ಲ. ಒಂದೊಂದು ದಿನ ಸುಟ್ಟ ರಬ್ಬರಿನ ಹಾಗೆ ವಾಸನೆಯೂ ಬರುತ್ತಿತ್ತು. ಟೆಲಿಫೋನಮ್ಮ ಮೂಗಿಗೆ ಸೆರಗು ಹಿಡಿದು ಕಿಟಕಿ ಜಾರಿಸುತ್ತಿದ್ದರು. ಮುಂದಿನ ಬಸ್ಸಿನದು ಎಂದು ಮೇಷ್ಟ್ರು ಹೇಳುತ್ತಿದ್ದರು. ಮುಂದೆ ಬಸ್ಸು ಇಲ್ಲದ ದಿನ ಏನೂ ಹೇಳುತ್ತಿರಲಿಲ್ಲ.

ಐದನೆಯ ತಿಂಗಳಲ್ಲಿ ವ್ಯಾನು ಸೇತುವೆಯ ಏರಿನಲ್ಲಿ ಎಷ್ಟು ಕೂಗಿದರೂ ಮೇಲೆ ಹತ್ತಲಿಲ್ಲ. ಎಳೆಸಿಕೊಂಡು ಭಾಮೈದನ ಗ್ಯಾರೇಜಿಗೆ ಹೋದರು. ಭಾಮೈದ ಬಿಚ್ಚಿ ನೋಡಿದ. ಕ್ಲಚ್ಚಿನ ಪ್ಲೇಟು ಪೂರಾ ಹೋಗಿತ್ತು. ಅವನು ಅದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದ. ಮೇಷ್ಟ್ರ ಮುಖ ನೋಡಿದ. ಆಮೇಲೆ ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟು, ಬೇರೆ ಪ್ಲೇಟು ಹಾಕತೊಡಗಿದ. ಏನಾಗಿದೆ ಎಂದು ಮೇಷ್ಟ್ರು ಕೇಳಿದ್ದಕ್ಕೆ "ಸವೆದಿದೆ" ಎಂದಷ್ಟೇ ಹೇಳಿದ.

ಮೇಷ್ಟ್ರು ಐದು ತಿಂಗಳಿಂದ ನುಂಗಿಕೊಂಡಿದ್ದದ್ದು ಅವತ್ತು ಹೊರಗೆ ಬಂತು. ಗ್ಯಾರೇಜಿನಲ್ಲಿ ಗಿರಾಕಿಗಳು ಮೂರು ಜನ ಇದ್ದರು. ಎಲ್ಲರೂ ಮೇಷ್ಟ್ರ ಹತ್ತಿರ ಕಲಿತವರೇ. ಅವರ ಎದುರಿಗೇ ಅಂದುಬಿಟ್ಟರು.

"ಸವೆದ ಗಾಡಿಯನ್ನೇ ಹುಡುಕಿ ತಂದು ನನ್ನ ತಲೆಗೆ ಕಟ್ಟಿದೆ ಅಂತ ಹೇಳು. ಅಕ್ಕನ ಗಂಡನಿಗೇ ಟೋಪಿ ಹಾಕಿದೆಯಲ್ಲೋ."

ಭಾಮೈದ ಸ್ಪ್ಯಾನರು ಕೆಳಗಿಟ್ಟ. ಕೈ ಒರೆಸಿಕೊಂಡ. ಮತ್ತೆ ಸ್ಪ್ಯಾನರು ಎತ್ತಿಕೊಂಡು ಕೆಲಸ ಮುಗಿಸಿ, ಕೀಲಿಯನ್ನು ಮೇಷ್ಟ್ರ ಕೈಗೆ ಕೊಡದೆ ಮೇಜಿನ ಮೇಲಿಟ್ಟ. ಮುಂದಿನ ಭಾನುವಾರ ಅವನು ಊಟಕ್ಕೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಹೆಂಡತಿ ಪ್ರತಿ ಭಾನುವಾರ ಮೂರು ತಟ್ಟೆ ಇಡುತ್ತಿದ್ದಳು. ಊಟ ಮುಗಿದ ಮೇಲೆ ಬಳಸದ ತಟ್ಟೆಯನ್ನೂ ತೊಳೆಯುತ್ತಿದ್ದಳು. ಮೇಷ್ಟ್ರು ಅದನ್ನು ನೋಡಿಯೂ ನೋಡದ ಹಾಗೆ ಕಾರ್ಡಿನ ಬೆನ್ನಿನಲ್ಲಿ ಭಾಗಾಕಾರ ಮಾಡುತ್ತಿದ್ದರು. ಹೊಸ ಪ್ಲೇಟು ಹಾಕಿದ ಮೇಲೂ ಏಳು ಪಾಯಿಂಟ್ ಐದೇ ಬರುತ್ತಿತ್ತು. ನೋಡು, ಇನ್ಯಾವುದೋ ಹಳೇ ಪ್ಲೇಟನ್ನೇ ಉಜ್ಜಿ ಹಾಕಿದ್ದಾನೆ ಎಂದು ಮನಸ್ಸಿನಲ್ಲಿ ಅಂದುಕೊಂಡರು. ಅಂದುಕೊಂಡಾಗಲೆಲ್ಲ ಭಾಗಾಕಾರವನ್ನು ಮತ್ತೊಮ್ಮೆ ಮಾಡಿ ನೋಡುತ್ತಿದ್ದರಂತೆ. ಇದನ್ನು ಮೇಷ್ಟ್ರೇ ನನಗೆ ಹೇಳಿದ್ದು. ಇಷ್ಟು ವರ್ಷದಲ್ಲಿ ಆ ಹುಡುಗ ಒಂದು ಸುಳ್ಳು ಹೇಳಿದ್ದು ಅವರಿಗೆ ಜ್ಞಾಪಕವಿರಲಿಲ್ಲ. ಆದರೆ ಕಾರ್ಡಿನಲ್ಲಿದ್ದ ಅಂಕಿಯೂ ಸುಳ್ಳಲ್ಲವಲ್ಲ.

ಆರನೆಯ ಭಾನುವಾರಕ್ಕೆ ಮುಂಚೆ ಒಂದು ಸುದ್ದಿ ಬಂತು. ಗ್ಯಾರೇಜಿದ್ದ ಕಟ್ಟಡವನ್ನು ಕೆಡವುತ್ತಾರೆ, ಭಾಮೈದ ಎರಡು ಗಂಟೆ ದೂರದ ಊರಿನಲ್ಲಿ ಜಾಗ ನೋಡಿದ್ದಾನೆ, ತಿಂಗಳ ಕೊನೆಗೆ ಹೋಗುತ್ತಾನೆ. ಈ ಸುದ್ದಿಯನ್ನು ಅಕ್ಕನಿಗೆ ಅವನು ಹೇಳಲಿಲ್ಲ. ಟೆಲಿಫೋನಮ್ಮ ವ್ಯಾನಿನಲ್ಲಿ ಹೇಳಿದರು, ಮೇಷ್ಟ್ರು ಮನೆಗೆ ಬಂದು ಹೆಂಡತಿಗೆ ಹೇಳಿದರು.

ಅವಳು ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು.

"ರೀ," ಎಂದಳು, "ಅವನು ಹೀಗೇ ಮುಖ ತಿರುಗಿಸಿಕೊಂಡು ಹೋದ್ರೆ ಮತ್ತೆ ಬರೋನಲ್ಲ. ನನಗೆ ಗೊತ್ತು, ಎತ್ತಿ ಆಡಿಸಿದವಳು ನಾನು. ನೀವು ಹೇಳಿದ್ದು ನಿಜ ಆದ್ರೆ ಅವನು ನಿಮ್ಮ ಕಾಲು ಹಿಡೀಲಿ. ಸುಳ್ಳಾದ್ರೆ ನೀವೇನ್ಮಾಡ್ತೀರೋ ನೀವೇ ನೋಡ್ಕೊಳ್ಳಿ. ಬಾಟಲಿ ಕಟ್ಟಿ ನೋಡೋಣ."

ಬಾಟಲಿ ಕಟ್ಟುವುದು ಮೆಕ್ಯಾನಿಕ್‌ಗಳ ಹಳೇ ಪದ್ಧತಿ. ಟ್ಯಾಂಕಿನಿಂದ ಬರುವ ಕೊಳವೆಯನ್ನು ಬಿಡಿಸಿ, ಸರಿಯಾಗಿ ಒಂದು ಲೀಟರು ಅಳೆದು ಹಾಕಿದ ಬಾಟಲಿಗೆ ಜೋಡಿಸುತ್ತಾರೆ. ಅದು ಮುಗಿದು ಗಾಡಿ ನಿಲ್ಲುವವರೆಗೂ ಓಡಿಸುತ್ತಾರೆ. ಎಷ್ಟು ಓಡಿತೋ ಅಷ್ಟು. ಅಲ್ಲಿ ಬಂಕಿನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ, ಭಾಗಾಕಾರದ ಮೇಲೂ ಹೊರಿಸುವ ಹಾಗಿಲ್ಲ.

ಅಕ್ಕ ಹೋಗಿ ಕರೆದಳು. ತಮ್ಮ ಒಪ್ಪಿದ, ಆದರೆ ಒಂದೇ ದಾರಿಯಲ್ಲಿ ಎರಡು ಸಲ ಓಡಿಸಬೇಕು ಎಂದ. ಮೊದಲು ಬಾವ, ಆಮೇಲೆ ತಾನು. ಓಡಿಸದೆ ಇರುವವರು ಪಕ್ಕದ ಸೀಟಿನಲ್ಲಿ ಕೂರಬೇಕು. ಯಾಕೆ ಎಂದು ಕೇಳಿದ್ದಕ್ಕೆ ಅವನು ಬಾಟಲಿ ತೊಳೆಯತೊಡಗಿದ.

ಶನಿವಾರ ಬೆಳಿಗ್ಗೆ, ಆಫೀಸುಗಳು ತೆರೆಯುವ ಹೊತ್ತಿಗೆ, ಸಂದಣಿ ಬೇಕೆಂದೇ ಹೊರಟರು. ಮುಂದೆ ಇಬ್ಬರು ಗಂಡಸರು, ಇಬ್ಬರಿಗೂ ಬಾಯಿಗೆ ಬೀಗ. ಹಿಂದೆ ಹೆಂಡತಿ. ಬಾಟಲಿಯನ್ನು ಸೀಟಿನ ಹಿಂದಿನ ಕೊಕ್ಕೆಗೆ ಕಟ್ಟಿತ್ತು, ಕಿಟಕಿಗಳೆಲ್ಲ ತೆರೆದಿದ್ದವು. ಮೇಷ್ಟ್ರು ಓಡಿಸಿದರು. ಗ್ಯಾರೇಜಿನಿಂದ ಮಾರ್ಕೆಟ್ಟು, ಮಾರ್ಕೆಟ್ಟಿನಿಂದ ಸೇತುವೆ, ಅಲ್ಲಿಂದ ಅಂಚೆ ಕಚೇರಿಯ ರಸ್ತೆ. ಗಾಡಿ ಕುಲುಕಲಿಲ್ಲ, ಎಲ್ಲಿಯೂ ಹಾರ್ನು ಹೊಡೆಸಿಕೊಳ್ಳಲಿಲ್ಲ. ಅವರಷ್ಟು ನಯವಾಗಿ ಓಡಿಸುವವರು ಊರಿನಲ್ಲಿ ಇಲ್ಲ. ಚಪ್ಪಲಿ ಅಂಗಡಿಯ ಮುಂದೆ ಎಂಜಿನ್ ಎರಡು ಸಲ ಬಿಕ್ಕಳಿಸಿ ಆರಿತು. ಏಳು ಪಾಯಿಂಟ್ ನಾಲ್ಕು.

ಮೇಷ್ಟ್ರು ಹಿಂದಕ್ಕೆ ತಿರುಗಿ ಹೆಂಡತಿಯ ಮುಖ ನೋಡಿದರು. ನೋಡಿದೆಯಾ ಎಂಬ ಹಾಗೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಟ್ಯಾಂಕಿನ ಕೊಳವೆ ಜೋಡಿಸಿ ಮತ್ತೆ ಗ್ಯಾರೇಜಿಗೆ ಹೋಗಿ, ಬಾಟಲಿಗೆ ಇನ್ನೊಂದು ಲೀಟರು ಅಳೆದು ತುಂಬಿದರು. ಈ ಸಲ ಭಾಮೈದ ಸ್ಟಿಯರಿಂಗ್ ಹಿಡಿದ. ಮೇಷ್ಟ್ರು ಪಕ್ಕದ ಸೀಟಿಗೆ ಬಂದರು. ಕೂತ ಕೂಡಲೇ ಅವರ ಬೆನ್ನಿಗೆ ಹಾಯ್ ಅನ್ನಿಸಿತು. ಇಪ್ಪತ್ತಾರು ವರ್ಷ ಕೂತ ಕಡೆ ಕೂತ ಹಾಗಾಯಿತು. ಗೊತ್ತಿಲ್ಲದೆ ಅವರು ಕಲಿಯುವವರನ್ನು ನೋಡುವ ಹಾಗೆ ಭಾಮೈದನನ್ನು ನೋಡತೊಡಗಿದರು. ಗೇರು ಸರಿಯಾಗಿ ಹಾಕುತ್ತಾನೆ. ಕನ್ನಡಿ ನೋಡುತ್ತಾನೆ. ಮಾರ್ಕೆಟ್ಟಿನ ಹತ್ತಿರ ಒಂದು ಲಾರಿ ಅಡ್ಡ ಬಂದು ಎಲ್ಲವೂ ನಿಂತಿತು. ಮುಂದಿನ ಗಾಡಿಗಳು ಒಂದೊಂದು ಮಾರು ಚಲಿಸುತ್ತಿದ್ದವು. ಈಗ ಇವನ ಎಂಜಿನ್ ಆರುತ್ತದೆ, ಈಗ ಆರುತ್ತದೆ ಎಂದು ಮೇಷ್ಟ್ರ ಮೈಯೆಲ್ಲ ಕಣ್ಣಾಯಿತು. ಆಗ ಅವರ ಕಾಲಿನ ಕೆಳಗೆ ಏನೋ ಜಾರಿತು.

ಬಗ್ಗಿ ನೋಡಿದರು. ಜಾರಿದ್ದು ನೆಲದ ರಬ್ಬರ್ ಚಾಪೆ. ಅದು ಮುಂದಕ್ಕೆ ಸರಿದು ಮುದುರಿಕೊಂಡಿತ್ತು. ಅದನ್ನು ಅಷ್ಟು ದೂರ ತಳ್ಳಿದ್ದು ಅವರ ಎಡಗಾಲು. ಅಲ್ಲಿ ಪೆಡಲು ಇರಲಿಲ್ಲ, ಬರಿಯ ತಗಡು. ಆ ತಗಡಿನ ಮೇಲೆ ಅವರ ಕಾಲು ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ ಒತ್ತುತ್ತಾ, ಬಿಡುತ್ತಾ ಇತ್ತು.

ಮೇಷ್ಟ್ರು ಕಾಲು ಹಿಂದಕ್ಕೆ ಎಳೆದುಕೊಂಡರು. ಚಾಪೆ ಸರಿಮಾಡಿದರು. ಮುಂದಿನ ಸಿಗ್ನಲ್ಲಿನಲ್ಲಿ ನೋಡಿದರೆ ಕಾಲು ಮತ್ತೆ ಅಲ್ಲೇ ಇತ್ತು. ಯಾವಾಗ ಹೋಯಿತು ಎಂದು ಅವರಿಗೆ ತಿಳಿಯಲಿಲ್ಲ. ಮತ್ತೆ ಎಳೆದುಕೊಂಡರು. ಸೇತುವೆಯ ಏರಿನಲ್ಲಿ ಮತ್ತೆ ಹೋಯಿತು. ಅವರನ್ನು ಒಂದು ಮಾತೂ ಕೇಳದೆ ಹೋಗುತ್ತಿತ್ತು, ಬೇರೆ ಯಾರದೋ ಕಾಲಿನ ಹಾಗೆ. ಆಮೇಲೆ ಅವರು ರಸ್ತೆ ನೋಡಲಿಲ್ಲ. ತಮ್ಮ ಕಾಲನ್ನೇ ನೋಡುತ್ತಾ ಕೂತರು.

ಸ್ಟಿಯರಿಂಗ್ ಹಿಡಿದು ಕೂತಾಗಲೂ ಅದು ಹೀಗೇ ಮಾಡುತ್ತಿರಬೇಕು. ಹೊರಗಿನ ರಸ್ತೆಯಲ್ಲಿ ಯಾರ ಎಂಜಿನ್ನೂ ಆರುವ ಭಯವಿಲ್ಲ, ಅಲ್ಲಿ ಕಾಲು ಸುಮ್ಮನಿರುತ್ತದೆ, ಹದಿಮೂರು ಬರುತ್ತದೆ. ಊರೊಳಗೆ ಬಂದ ಕೂಡಲೇ ಪಕ್ಕದಲ್ಲಿ ಯಾರೋ ಹೊಸಬರು ಓಡಿಸುತ್ತಿದ್ದಾರೆ ಎಂದು ಅದಕ್ಕೆ ಅನ್ನಿಸುತ್ತದೆ. ಕೂಗು ಜಾಸ್ತಿ, ಓಟ ಕಮ್ಮಿ. ಸುಟ್ಟ ವಾಸನೆ. ಪೇಪರಿನಲ್ಲಿ ಸುತ್ತಿಟ್ಟ ಪ್ಲೇಟು. ಒಂದೊಂದೂ ಅದರದರ ಜಾಗಕ್ಕೆ ಬಂದು ಕೂತಿತು.

ವ್ಯಾನು ಚಪ್ಪಲಿ ಅಂಗಡಿಯನ್ನು ದಾಟಿತು. ಅಂಚೆ ಕಚೇರಿಯನ್ನು ದಾಟಿತು. ನೀರಿನ ಟ್ಯಾಂಕಿನ ಹತ್ತಿರ, ಮೂರು ಕಿಲೋಮೀಟರು ಮುಂದೆ, ಬಿಕ್ಕಳಿಸಿ ನಿಂತಿತು. ಭಾಮೈದ ಮೀಟರು ನೋಡಿ "ಹತ್ತು ಪಾಯಿಂಟ್ ಆರು" ಎಂದ.

"ಪ್ಲೇಟು ಬಿಚ್ಚಿದಾಗಲೇ ಗೊತ್ತಾಯ್ತೇನೋ ನಿನಗೆ?" ಎಂದರು ಮೇಷ್ಟ್ರು.

"ಗೊತ್ತಾಯ್ತು ಬಾವ. ಸುಟ್ಟು ನೀಲಿ ಆಗಿತ್ತು."

"ಮತ್ತೆ ಹೇಳೋದಲ್ವಾ? ಅಷ್ಟು ಜನದ ಮುಂದೆ ಅನ್ನಿಸಿಕೊಂಡು ಸುಮ್ನೆ ನಿಂತೆಯಲ್ಲ."

"ಕ್ಲಚ್ಚು ಕಾಲು ಚಾಚೋ ಮಣೆಯಲ್ಲ ಅಂತ ನನಗೆ ಹೇಳಿಕೊಟ್ಟಿದ್ದೇ ನೀವು. ಅಲ್ಲಿದ್ದ ಮೂರು ಜನಕ್ಕೂ ನೀವೇ. ಅವರ ಮುಂದೆ ನಾನು ಅದನ್ನ ನಿಮಗೆ ಯಾವ ಬಾಯಲ್ಲಿ ಹೇಳ್ಲಿ?"

ಹಿಂದಿನಿಂದ ಹೆಂಡತಿ ಹೇಳಿದಳು: "ಅವನು ಬಾಯಿ ಬಿಡದೆ ನಿಮ್ಮ ಮರ್ಯಾದೆ ಉಳಿಸಿದ. ನೀವು ಬಾಯಿ ಬಿಟ್ಟು ಅವನದು ಕಳೆದ್ರಿ. ಈಗ ಹೇಳಿ."

ಮೇಷ್ಟ್ರು ಹೇಳಿದ್ದು ಸೋಮವಾರ, ಗ್ಯಾರೇಜಿನಲ್ಲಿ. ಆವತ್ತು ಇದ್ದ ಮೂವರನ್ನೂ ಅವರವರ ಮನೆಗೆ ಹೋಗಿ ವ್ಯಾನಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಒಬ್ಬರು ಅರ್ಧ ಗಡ್ಡ ಕೆರೆದುಕೊಂಡಿದ್ದವರು ಹಾಗೇ ಬಂದಿದ್ದರು. ಮೇಷ್ಟ್ರು ಕಪಾಟಿನ ಮೇಲಿದ್ದ ಪೇಪರಿನ ಪೊಟ್ಟಣ ತೆಗೆಸಿ, ನೀಲಿಯಾದ ಪ್ಲೇಟನ್ನು ಅವರ ಕೈಗೆ ಕೊಟ್ಟು, ಇದು ಯಾವುದರಿಂದ ಹೀಗಾಗುತ್ತದೆ ಹೇಳಿ ಎಂದು ಪಾಠ ಕೇಳಿದರು. ಮೂವರೂ ಒಟ್ಟಿಗೆ ಸರಿಯಾದ ಉತ್ತರ ಹೇಳಿದರು, ಮೇಷ್ಟ್ರ ದನಿಯಲ್ಲೇ. ಹೇಳಿದ ಮೇಲೆ ನಕ್ಕು, ಮೇಷ್ಟ್ರ ಮುಖ ನೋಡಿ ನಗುವುದನ್ನು ನಿಲ್ಲಿಸಿದರು.

"ಈ ಕಾಲು ನಂದು," ಎಂದರು ಮೇಷ್ಟ್ರು. "ಇವನು ಟೋಪಿ ಹಾಕಲಿಲ್ಲ. ಆವತ್ತು ನಾನು ಅಂದಿದ್ದು ತಪ್ಪು."

ಆಮೇಲೆ ಜೇಬಿನಿಂದ ಒಂದು ಹಾಜರಿ ಕಾರ್ಡು ತೆಗೆದು ಭಾಮೈದನಿಗೆ ಕೊಟ್ಟರು. ಕಲಿಯುವವರು ಎಂಬ ಕಡೆ ತಮ್ಮ ಹೆಸರು ಬರೆದಿದ್ದರು. ಕಲಿಸುವವರು ಎಂಬ ಕಡೆ ಅವನದು.

ಅವನು ಇನ್ನು ಊರಿನಲ್ಲಿ ಇರಬೇಕಾಗಿದ್ದದ್ದು ಒಂಬತ್ತೇ ದಿನ. ಒಂಬತ್ತು ದಿನವೂ ಬೆಳಿಗ್ಗೆ ಪಕ್ಕದ ಸೀಟಿನಲ್ಲಿ ಕೂತು ಬಂದ. ಕಾಲು ಕ್ಲಚ್ಚಿನ ಮೇಲೆ ಹೋದಾಗಲೆಲ್ಲ ಅವನು ಬಾಯಿ ತೆರೆಯುತ್ತಿರಲಿಲ್ಲ, ಸ್ಪ್ಯಾನರಿನಿಂದ ಬಾಗಿಲಿನ ತಗಡಿಗೆ ಒಂದು ಸಲ ಟಣ್ ಎಂದು ಬಡಿಯುತ್ತಿದ್ದ. ಮೊದಲ ದಿನ ಟಣ್ ಎಷ್ಟು ಬಂತು ಎಂದು ಟೆಲಿಫೋನಮ್ಮ ಎಣಿಸಿದರು. ನಲವತ್ತೊಂದು. "ನಮ್ಮ ಎಕ್ಸ್‌ಚೇಂಜಿನಲ್ಲೂ ಇಷ್ಟು ಗಂಟೆ ಬಾರಿಸ್ತಾ ಇರ್ಲಿಲ್ಲಪ್ಪ" ಎಂದರಂತೆ. ಒಂಬತ್ತನೆಯ ದಿನ ಆರು. ನಡುವಿನ ಭಾನುವಾರ ಅವನು ಊಟಕ್ಕೆ ಬಂದ. ಮೂರು ಎಂಜಲು ತಟ್ಟೆ ತೊಳೆದೆ ಎಂದಷ್ಟೇ ಅವರ ಹೆಂಡತಿ ನನಗೆ ಹೇಳಿದ್ದು.

ಈಗ ಊರೊಳಗೆ ಒಂಬತ್ತು ಪಾಯಿಂಟ್ ಎಂಟು ಬರುತ್ತಿದೆ. ಉಳಿದದ್ದು ವ್ಯಾನಿನ ವಯಸ್ಸು ಎಂದು ಮೇಷ್ಟ್ರು ಬಿಟ್ಟುಬಿಟ್ಟಿದ್ದಾರೆ. ಹಾಜರಿ ಕಾರ್ಡು ಡ್ಯಾಶ್‌ಬೋರ್ಡಿನ ಮೇಲಿದೆ, ನಾನು ನೋಡಿದ್ದೇನೆ. ಒಂಬತ್ತು ಚೌಕದಲ್ಲಿ ಮೆಕ್ಯಾನಿಕ್‌ನ ಸಹಿ ಇದೆ. ಅವನ ಅಕ್ಷರ ನನ್ನದಕ್ಕಿಂತಲೂ ಕೆಟ್ಟದು. ಹತ್ತನೆಯ ಚೌಕ ಖಾಲಿ ಇದೆ. ಮುಂದಿನ ಭಾನುವಾರ ಗಂಡ ಹೆಂಡತಿ ವ್ಯಾನಿನಲ್ಲೇ ಅವನ ಹೊಸ ಊರಿಗೆ ಊಟಕ್ಕೆ ಹೋಗುತ್ತಾರೆ, ಆ ಊರಿನ ಸಂದಣಿಯಲ್ಲಿ ಹತ್ತನೆಯ ಪಾಠ.

ನಾಳೆ ಕೆಲಸಕ್ಕೆ ಹೋದಾಗ ಇದನ್ನು ಮೇಷ್ಟ್ರ ಹೆಂಡತಿಗೆ ಓದಿ ಹೇಳುತ್ತೇನೆ. ಅಂಕಿಗಳು ತಪ್ಪಿದ್ದರೆ ತಿದ್ದುತ್ತೇನೆ. ಆಮೇಲೆ ಗೆರೆ ಇರುವ ಕಾಗದದ ಮೇಲೆ ಮತ್ತೊಮ್ಮೆ ಬರೆದು ವಾಚನಾಲಯಕ್ಕೆ ಕೊಡುತ್ತೇನೆ.